28 ದಿನದೊಳಗೆ ಕಾಗದ ಕೊಟ್ಟಿದ್ದೀರಾ? ಇದು ಫಿಡಿಕ್ ಕರಾರು!

ಗಲ್ಫ್‌ನ ಕಟ್ಟಡ ಕಂಪೆನಿಗಳಲ್ಲಿ ಫೋರ್‌ಮನ್, ಸ್ಟೋರ್‌ಕೀಪರ್, ಸೈಟ್ ಇಂಜಿನಿಯರ್ ಆಗಿ ದುಡಿದು ಬಂದವರು ನಮ್ಮ ಕಾಸರಗೋಡು ಕಡೆ ಬೇಕಾದಷ್ಟು ಮಂದಿ ಇದ್ದಾರೆ. ಅವರಲ್ಲಿ ಕೆಲವರ ಬಾಯಲ್ಲಿ ‘ಫಿಡಿಕ್’ ಎಂಬ ಮಾತನ್ನು ನೀವು ಕೇಳಿರಬಹುದು. ಅದು ಕಂಪೆನಿಯ ಹೆಸರಲ್ಲ, ಸರಕಾರಿ ಇಲಾಖೆಯೂ ಅಲ್ಲ. ಸಲಹೆಗಾರ ಇಂಜಿನಿಯರುಗಳ ಅಂತಾರಾಷ್ಟ್ರೀಯ ಒಕ್ಕೂಟ. 1913ರಲ್ಲಿ ಬೆಲ್ಜಿಯಂನ ಗೆಂಟ್ ನಗರದಲ್ಲಿ ಹುಟ್ಟಿತು. ಅದರ ಫ್ರೆಂಚ್ ಹೆಸರಿನ ಮೊದಲಕ್ಷರಗಳು ಸೇರಿ ಫಿಡಿಕ್ ಆಗಿದೆ.

ಈ ಒಕ್ಕೂಟ 1957ರಲ್ಲಿ ಕಾಮಗಾರಿಗಳಿಗಾಗಿ ಒಂದು ಸಿದ್ಧ ಕರಾರುಪತ್ರ ಅಚ್ಚು ಹಾಕಿಸಿತು. ರಟ್ಟು ಕೆಂಪು, ಆದ್ದರಿಂದ ಹೆಸರು ‘ರೆಡ್ ಬುಕ್’. 1999ರ ಹೊತ್ತಿಗೆ ಹಳದಿ, ಬೆಳ್ಳಿ, ಹಸಿರು ಪುಸ್ತಕಗಳೂ ಜೊತೆಗೂಡಿದವು. ನಕ್ಷೆಯನ್ನು ಮಾಲೀಕನೇ ಕೊಟ್ಟರೆ ಕೆಂಪು, ಗುತ್ತಿಗೆದಾರ ಮಾಡಿದರೆ ಹಳದಿ. ನಮ್ಮ ಹೆದ್ದಾರಿ ಪ್ರಾಧಿಕಾರ ಕೂಡ ಚತುಷ್ಪಥದ ಹಲವು ಪ್ಯಾಕೇಜುಗಳನ್ನು 1987ರ ರೆಡ್ ಬುಕ್ ಆಧಾರದಲ್ಲೇ ಗುತ್ತಿಗೆ ಕೊಟ್ಟಿತ್ತು.

ಸಿದ್ಧ ಕರಾರು ಯಾಕೆ ಬೇಕು? ಕೆಲಸ ಕೊಡುವವರು ಒಂದು ದೇಶ, ಮಾಡುವವರು ಇನ್ನೊಂದು, ಸಾಲ ಕೊಡುವ ಬ್ಯಾಂಕು ಮೂರನೆಯದು. ಎಲ್ಲರೂ ತಮ್ಮ ಊರಿನ ಪದ್ಧತಿಯೇ ಸರಿ ಎಂದು ಕುಳಿತರೆ ಗುದ್ದಲಿ ನೆಲಕ್ಕೆ ತಾಗುವ ಮೊದಲೇ ಜಗಳ. ಎರಡೆರಡು ಭಾಷೆಯಲ್ಲಿ ಕಾಗದಪತ್ರ ನೋಡಿ ಅಭ್ಯಾಸವಿರುವ ನಮಗೆ ಇದರ ಒಂದು ಷರತ್ತು ಬೇಗ ಅರ್ಥವಾದೀತು. ಕರಾರು ಎರಡು ಭಾಷೆಗಳಲ್ಲಿದ್ದು ಅರ್ಥದಲ್ಲಿ ವ್ಯತ್ಯಾಸ ಬಂದರೆ ಯಾವ ಭಾಷೆಯ ಪ್ರತಿ ಮೇಲು ಎಂಬುದನ್ನು ಮೊದಲೇ ಬರೆದಿಡಬೇಕು.

ಆದರೆ ಅತಿ ಹೆಚ್ಚು ದುಡ್ಡು ಮುಳುಗಿಸುವುದು ಬೇರೊಂದು ಷರತ್ತು. 1999ರ ಪುಸ್ತಕಗಳಲ್ಲಿ ಅದರ ಸಂಖ್ಯೆ 20.1. ಮಾಲೀಕ ಜಾಗ ಬಿಟ್ಟುಕೊಡಲು ತಡ ಮಾಡಿದ, ಅಗೆಯುವಾಗ ನಿರೀಕ್ಷಿಸದ ಬಂಡೆ ಸಿಕ್ಕಿತು, ಹೀಗೆ ಏನೋ ಆಯಿತು ಎನ್ನಿ. ಗುತ್ತಿಗೆದಾರನಿಗೆ ಹೆಚ್ಚು ದಿನ ಅಥವಾ ಹೆಚ್ಚು ಹಣ ಬೇಕು. ಆಗ ವಿಷಯ ತಿಳಿದ ದಿನದಿಂದ 28 ದಿನದೊಳಗೆ ಆತ ಇಂಜಿನಿಯರರಿಗೆ ಲಿಖಿತ ನೋಟಿಸ್ ಕೊಡಬೇಕು. ‘ತಿಳಿದ’ ಮಾತ್ರವಲ್ಲ, ‘ತಿಳಿಯಬೇಕಾಗಿದ್ದ’ ದಿನದಿಂದ ಎಂದೂ ಇದೆ, ಗಮನಿಸಿ. ಕೊಡದಿದ್ದರೆ ದಿನವೂ ಇಲ್ಲ, ಹಣವೂ ಇಲ್ಲ. ಸೈಟಿನಲ್ಲಿ ಚಹಾ ಕುಡಿಯುತ್ತ ಬಾಯಲ್ಲಿ ಹೇಳಿದ್ದು ಲೆಕ್ಕಕ್ಕೆ ಬಾರದು. ಬಂಡೆಯನ್ನು ಮೊದಲು ಕಾಣುವವರು ಫೋರ್‌ಮನ್. ಅವರ ಡೈರಿಗೆ ಅಷ್ಟು ಬೆಲೆ ಬರುವುದು ಇದರಿಂದಲೇ.

ಜಿಬ್ರಾಲ್ಟರ್ ಕಥೆ ಕೇಳಿ. ಸ್ಪೇನಿನ ದಕ್ಷಿಣ ತುದಿಯಲ್ಲಿ ಬ್ರಿಟನ್ನಿಗೆ ಸೇರಿದ ಪುಟ್ಟ ಜಾಗ. ಅದೂ ಗಡಿ ಊರೇ. ದಿನಾ ಸಾವಿರಾರು ಜನ ಸ್ಪೇನ್ ಕಡೆಯಿಂದ ಗಡಿ ದಾಟಿ ಕೆಲಸಕ್ಕೆ ಬರುತ್ತಾರೆ. ಗಡಿಯಿಂದ ಪೇಟೆಗೆ ಹೋಗುವ ರಸ್ತೆ ವಿಮಾನ ಇಳಿಯುವ ರನ್‌ವೇಯನ್ನೇ ಅಡ್ಡ ದಾಟುತ್ತಿತ್ತು! ವಿಮಾನ ಬಂದಾಗ ನಮ್ಮ ರೈಲ್ವೆ ಗೇಟಿನ ಹಾಗೆ ವಾಹನ ತಡೆಯುತ್ತಿದ್ದರು. ಈ ತೊಂದರೆ ತಪ್ಪಿಸಲು ರನ್‌ವೇ ಕೆಳಗೆ ಸುರಂಗ ರಸ್ತೆ ಮಾಡಲು 2008ರಲ್ಲಿ ಸ್ಪೇನಿನ ಓ.ಎಚ್.ಎಲ್. ಕಂಪೆನಿಗೆ ಗುತ್ತಿಗೆ ಕೊಟ್ಟರು. ಹಳದಿ ಪುಸ್ತಕದ ಕರಾರು, ಸುಮಾರು 3 ಕೋಟಿ ಪೌಂಡ್, ಎರಡು ವರ್ಷದ ಗಡುವು.

ಎರಡೂವರೆ ವರ್ಷ ಕಳೆದರೂ ಮುಗಿದದ್ದು ಕಾಲು ಭಾಗಕ್ಕಿಂತ ತುಸು ಹೆಚ್ಚು. 2011ರ ಜುಲೈಯಲ್ಲಿ ಅಲ್ಲಿನ ಸರಕಾರ ಕರಾರು ರದ್ದು ಮಾಡಿತು. ಮಣ್ಣು ವಿಷಮಯವಾಗಿತ್ತು, ಬಂಡೆ ಸಿಕ್ಕಿತು, ಮಳೆ ಜಾಸ್ತಿ ಬಂತು ಎಂದು ಕಂಪೆನಿ ವಾದಿಸಿತು. ಲಂಡನ್ನಿನ ಹೈಕೋರ್ಟು 2014ರಲ್ಲಿ ತೀರ್ಪು ಕೊಟ್ಟಿತು. ಅದು ಹಿಂದೆ ಮಿಲಿಟರಿಯವರು ಬಳಸಿದ ಜಾಗ, ಮಣ್ಣು ಕೆಟ್ಟಿರಬಹುದು ಎಂದು ಅನುಭವಿ ಗುತ್ತಿಗೆದಾರ ಮೊದಲೇ ಊಹಿಸಬೇಕಿತ್ತು, ಮಾಲೀಕರು ಕೊಟ್ಟ ವರದಿ ಓದಿ ಸುಮ್ಮನಾದರೆ ಸಾಲದು ಎಂದರು ನ್ಯಾಯಾಧೀಶರು. ಅಷ್ಟು ದೊಡ್ಡ ವಿಳಂಬದಲ್ಲಿ ಒಪ್ಪುವಂಥ ಕಾರಣವಿದ್ದದ್ದು ಬೆರಳೆಣಿಕೆಯಷ್ಟು ದಿನಗಳಿಗೆ ಮಾತ್ರ. ಆದರೆ 28 ದಿನದ ಲೆಕ್ಕವನ್ನು ಅವರು ಉದಾರವಾಗಿಯೇ ಓದಿದರು. ಘಟನೆ ನಡೆದ ದಿನದಿಂದಲೇ ಎಣಿಸಬೇಕಾಗಿಲ್ಲ, ಅದರಿಂದ ವಿಳಂಬವಾಗುತ್ತಿದೆ ಎಂದು ಗೊತ್ತಾದ ಮೇಲೂ ಎಣಿಸಬಹುದು ಎಂಬುದು ಅವರ ಅಭಿಪ್ರಾಯ. ಮೇಲ್ಮನವಿಯಲ್ಲೂ ಕಂಪೆನಿ ಸೋತಿತು. ಮುಂದೆ ರಾಜಿಯಾಗಿ ಅದೇ ಕಂಪೆನಿ ಕೆಲಸ ಮುಂದುವರಿಸಿತು. ಸುರಂಗ ತೆರೆದದ್ದು 2023ರ ಮಾರ್ಚ್‌ನಲ್ಲಿ!

ಹಾಗೆಂದು ಕರಾರು ಪೂರ್ತಿ ಮಾಲೀಕನ ಪರ ಎನ್ನುವಂತಿಲ್ಲ. 1999ರ ಕೆಂಪು ಪುಸ್ತಕದ ಪ್ರಕಾರ ಬಿಲ್ಲು ಇಂಜಿನಿಯರರ ಕೈ ಸೇರಿದ 56 ದಿನದೊಳಗೆ ಮಾಲೀಕ ಹಣ ಕೊಡಬೇಕು. ಕೊಡದಿದ್ದರೆ ಗುತ್ತಿಗೆದಾರ 21 ದಿನ ಮೊದಲು ತಿಳಿಸಿ ಕೆಲಸ ನಿಲ್ಲಿಸಬಹುದು. ಕೂಲಿಯವರಿಗೆ ಆ ಊರಿನಲ್ಲಿ ಆ ಕಸುಬಿಗೆ ಇರುವ ದರಕ್ಕಿಂತ ಕಡಿಮೆ ಸಂಬಳ ಕೊಡಬಾರದು ಎಂದೂ ಬರೆದಿದೆ.

ತಕರಾರು ಬಂದರೆ ಮೊದಲು ಇಂಜಿನಿಯರರೇ ತೀರ್ಮಾನ ಹೇಳಬೇಕು. ಅವರಿಗೆ ಫೀಸು ಕೊಡುವವನು ಮಾಲೀಕ. ಅನ್ನ ಹಾಕುವವನ ವಿರುದ್ಧ ಎಷ್ಟು ಮಂದಿ ಮಾತಾಡಿಯಾರು? ಈ ಸಂಶಯ ಎಲ್ಲರಿಗೂ ಇತ್ತು. ಆದ್ದರಿಂದಲೇ ಒಬ್ಬರು ಅಥವಾ ಮೂವರು ಹೊರಗಿನ ತಜ್ಞರ ಮಂಡಳಿಯ ಏರ್ಪಾಡು ಬಂತು. ಅದು 84 ದಿನದಲ್ಲಿ ತೀರ್ಪು ಹೇಳಬೇಕು. ಒಪ್ಪದವರು ಅಲ್ಲೂ 28 ದಿನದೊಳಗೆ ತಿಳಿಸಿ, ಕೊನೆಗೆ ಮಧ್ಯಸ್ಥಿಕೆಗೆ ಹೋಗಬಹುದು.

2017ರ ಹೊಸ ಆವೃತ್ತಿ ಇನ್ನೊಂದು ಒಳ್ಳೆಯ ಕೆಲಸ ಮಾಡಿತು. 28 ದಿನದ ನಿಯಮ ಈಗ ಮಾಲೀಕನಿಗೂ ಅನ್ವಯ.

ಭಾರತದಲ್ಲಿ ಇದಕ್ಕೆ ಒಂದು ತಿರುವು ಉಂಟು. ನಮ್ಮ ಕರಾರು ಕಾಯ್ದೆಯ ಸೆಕ್ಷನ್ ಸಂಖ್ಯೆಯೂ 28 ಆಗಿರುವುದು ಕಾಕತಾಳೀಯ. ಇಂತಿಷ್ಟು ದಿನ ಕಳೆದರೆ ಹಕ್ಕೇ ಹೋಯಿತು ಎಂದು ಬರೆದುಕೊಂಡ ಷರತ್ತು ಆ ಮಟ್ಟಿಗೆ ನಿಲ್ಲದು ಎನ್ನುತ್ತದೆ ಇದಕ್ಕೆ 1997ರಲ್ಲಿ ಬಂದ ತಿದ್ದುಪಡಿ. ನೋಟಿಸ್ ಮರೆತ ಗುತ್ತಿಗೆದಾರರ ವಕೀಲರು ಹಿಡಿಯುವುದು ಇದನ್ನೇ. ನೋಟಿಸ್ ಕೊಟ್ಟರೆ ಮಾತ್ರ ಹಕ್ಕು ಹುಟ್ಟುತ್ತದೆ, ಹುಟ್ಟದ ಹಕ್ಕು ಹೋಗುವುದೆಲ್ಲಿಂದ ಎಂಬುದು ಎದುರು ಪಕ್ಷದ ವಾದ.