ಫೈಲ್ ಇದೆ, ಆದರೂ ಇಲ್ಲ ಅಂತದೆ!

ಜುಲೈ ರಜೆಗೆ ಕುಮಟಾಕ್ಕೆ ಹೋದಾಗ ಸೋದರಮಾವ ಒಂದು ಹಳೇ ಪ್ರಸಂಗ ಪುಸ್ತಕ ತಂದು ಎದುರಿಗಿಟ್ಟರು. ಕರ್ಣಪರ್ವ, 84 ಪುಟ, ಅಂಚು ಮುಟ್ಟಿದರೆ ಉದುರುತ್ತದೆ. ಮಳೆಗಾಲ ಅಂದರೆ ನಮ್ಮ ಕಡೆ ತಾಳಮದ್ದಳೆ ಸೀಸನ್ನು. ಮಾವ ಭಾಗವತಿಕೆ ಮಾಡೋರು, ಆದರೆ ಈಗೀಗ ಕಣ್ಣು ಮಂಜು. ಝೆರಾಕ್ಸ್‌ನಲ್ಲಿ ದೊಡ್ಡದು ಮಾಡಿದರೆ ಒತ್ತಕ್ಷರವೆಲ್ಲ ಮಸಿ ಮುದ್ದೆ. "ನೀ ಕಂಪ್ಯೂಟರ್ ಕಲಿತವ ಅಲ್ದಾ, ದೊಡ್ಡ ಅಕ್ಷರದಲ್ಲಿ ಹೊಸದಾಗಿ ಮಾಡಿಕೊಡು" ಅಂದರು. ಅವತ್ತು ಬುಧವಾರ. ಕೂಟ ಇದ್ದದ್ದು ಭಾನುವಾರ.

ನನಗೇನು ಭಯ? ಮಿನಿ ಪ್ರಾಜೆಕ್ಟಿಗೆ ಬರೆದ ಸಿ ಪ್ಲಸ್ ಪ್ಲಸ್ ಪ್ರೋಗ್ರಾಮ್ ಕೈಯಲ್ಲೇ ಇತ್ತು. ಚಿತ್ರದಿಂದ ಅಕ್ಷರ ಓದುವ ಕೆಲಸವನ್ನು ಅದು ಟೆಸರ್ಯಾಕ್ಟ್‌ನ ಶೇರ್ಡ್ ಲೈಬ್ರರಿಗೆ ಒಪ್ಪಿಸುತ್ತದೆ. (1980ರ ದಶಕದಲ್ಲಿ ಎಚ್‌ಪಿ ಕಂಪನಿಯಲ್ಲಿ ಹುಟ್ಟಿ, 2005ರಲ್ಲಿ ಓಪನ್ ಸೋರ್ಸ್ ಆದ ಸಾಫ್ಟ್‌ವೇರ್ ಇದು.) ಕನ್ನಡ ಓದಬೇಕಾದರೆ ಆ ಲೈಬ್ರರಿಗೆ 'ಕೆಎಎನ್ ಡಾಟ್ ಟ್ರೇನ್ಡ್‌ಡೇಟಾ' ಅನ್ನೋ ಫೈಲ್ ಸಿಗಬೇಕು. ಅದು ನನ್ನ ಪ್ರಾಜೆಕ್ಟ್ ಫೋಲ್ಡರಿನಲ್ಲಿತ್ತು. ಟರ್ಮಿನಲ್‌ನಲ್ಲಿ ಒಂದು ಪುಟ ಓಡಿಸಿದೆ, ಚೆನ್ನಾಗಿ ಬಂತು. ಹಗಲು ಅಪ್ಪನ ಬಿಲ್ಲಿಂಗ್ ಕೆಲಸಕ್ಕೆ ಅದೇ ಹಳೇ ಡೆಸ್ಕ್‌ಟಾಪ್ ಬೇಕು. ಹಾಗಾಗಿ ಉಳಿದ ಪುಟಗಳನ್ನು ರಾತ್ರಿ 11ಕ್ಕೆ ಓಡೋ ಹಾಗೆ ಕ್ರಾನ್‌ಗೆ ಹಾಕಿ ಮಲಗಿದೆ.

ಬೆಳಿಗ್ಗೆ ನೋಡಿದರೆ ಔಟ್‌ಪುಟ್ ಖಾಲಿ. ಲಾಗ್‌ನಲ್ಲಿ ಒಂದೇ ಗೋಳು: ಡೇಟಾ ಫೈಲ್ ತೆರೆಯಲು ಆಗಲಿಲ್ಲ, 'ಟೆಸ್‌ಡೇಟಾ ಪ್ರಿಫಿಕ್ಸ್' ವೇರಿಯಬಲ್ ಸರಿ ಇದೆಯಾ ನೋಡಿ.

ಇಂಥಾ ಕಡೆ ಮೊದಲು ಕೇಳಬೇಕಾದ ಪ್ರಶ್ನೆ: ಸಿಗದೇ ಇರೋದು ಲೈಬ್ರರಿಯೋ, ಲೈಬ್ರರಿ ಹುಡುಕುವ ಫೈಲೋ? ಲೈಬ್ರರಿಯೇ ಸಿಗದಿದ್ದರೆ ಪ್ರೋಗ್ರಾಮ್ ಶುರುವೇ ಆಗಲ್ಲ. ಎಲ್‌ಡಿಡಿ ಕಮಾಂಡ್ ಕೊಟ್ಟರೆ 'ನಾಟ್ ಫೌಂಡ್' ಅಂತ ಯಾವುದರ ಮುಂದೆ ಇದೆಯೋ ಅದೇ ಕಳ್ಳ. ನನ್ನದರಲ್ಲಿ ಅದೆಲ್ಲ ಸರಿಯಿತ್ತು. ಅಂದರೆ ಲೈಬ್ರರಿ ಬಂದು ಕೂತಿದೆ, ಅದಕ್ಕೆ ಫೈಲ್ ಸಿಕ್ಕಿಲ್ಲ.

ಇಲ್ಲೇ ನಾವೆಲ್ಲ ಎಡವೋದು. ಲೈಬ್ರರಿ ಅಂದರೆ ಬೇರೆ ಯಾರೋ, ಅದಕ್ಕೆ ಅದರದ್ದೇ ಜಾಗ ಇದೆ ಅಂದುಕೊಳ್ತೇವೆ. ಹಾಗಿಲ್ಲ. ಲೋಡ್ ಆದ ಮೇಲೆ ಅದು ನಿಮ್ಮ ಪ್ರೋಸೆಸ್‌ನ ಒಂದು ಭಾಗ ಅಷ್ಟೇ. ಅದು ಫೈಲ್ ತೆರೆಯೋದು ನಿಮ್ಮ ಪ್ರೋಸೆಸ್‌ನ ಯೂಸರ್ ಐಡಿಯಲ್ಲಿ, ನಿಮ್ಮ ಪ್ರೋಸೆಸ್ ನಿಂತ ಡೈರೆಕ್ಟರಿಯಿಂದ, ನಿಮ್ಮ ಪ್ರೋಸೆಸ್‌ಗೆ ಸಿಕ್ಕ ಎನ್ವಿರಾನ್‌ಮೆಂಟ್ ವೇರಿಯಬಲ್ ಇಟ್ಟುಕೊಂಡು. ಡಾಟ್ ಎಸ್‌ಒ ಫೈಲ್ ಪಕ್ಕದಲ್ಲೇ ಡೇಟಾ ಇಟ್ಟು ರಿಲೇಟಿವ್ ಪಾತ್ ಕೊಟ್ಟರೆ ಸಿಗಲ್ಲ, ಯಾಕಂದರೆ ಪಾತ್ ಲೆಕ್ಕ ಶುರುವಾಗೋದು ಪ್ರೋಸೆಸ್ ನಿಂತ ಡೈರೆಕ್ಟರಿಯಿಂದ.

ನಾನು ಆ ವೇರಿಯಬಲ್ಲನ್ನು ಬ್ಯಾಷ್‌ಆರ್‌ಸಿಯಲ್ಲಿ ಬರೆದಿದ್ದೆ. ಕ್ರಾನ್ ಅದನ್ನು ಓದೋದೇ ಇಲ್ಲ. ವೇರಿಯಬಲ್ ಇಲ್ಲದ್ದಕ್ಕೆ ಲೈಬ್ರರಿ ತನ್ನನ್ನು ಕಂಪೈಲ್ ಮಾಡುವಾಗ ಬರೆದಿಟ್ಟ ಸಿಸ್ಟಮ್ ಡೈರೆಕ್ಟರಿಯಲ್ಲಿ ಹುಡುಕಿತು. ಅಲ್ಲಿ ಕನ್ನಡ ಇರಲಿಲ್ಲ.

ಇಷ್ಟು ಅರ್ಥವಾದ ಮೇಲೂ ನಾನು ಮಾಡಿದ್ದು ಎಲ್ಲರೂ ಮಾಡೋ ಕೆಲಸವೇ. ಮಳೆಗೆ ನೆಟ್ ಸತ್ತಿತ್ತು, ಕನ್ನಡ ಪ್ಯಾಕೇಜ್ ಇನ್‌ಸ್ಟಾಲ್ ಮಾಡೋ ಹಾಗಿರಲಿಲ್ಲ. ಸುಡೋ ಹಾಕಿ ನನ್ನ ಫೈಲನ್ನೇ ಸಿಸ್ಟಮ್ ಡೈರೆಕ್ಟರಿಗೆ ಕಾಪಿ ಮಾಡಿದೆ. ಸುಡೋ ಹಾಕಿಯೇ ಟೆಸ್ಟ್ ಮಾಡಿದೆ, ಓಡಿತು. ಗುರುವಾರ ರಾತ್ರಿ ಕ್ರಾನ್‌ಗೆ ಬಿಟ್ಟೆ. ಶುಕ್ರವಾರ ಬೆಳಿಗ್ಗೆ ಮತ್ತೆ ಖಾಲಿ, ಮತ್ತೆ ಅದೇ ಗೋಳು, ಅಕ್ಷರವೂ ಬದಲಿಲ್ಲ.

ಆಗ ಸ್ಟ್ರೇಸ್ ನೆನಪಾಯಿತು. ಪ್ರೋಸೆಸ್ ಕರ್ನಲ್ ಹತ್ತಿರ ಏನು ಕೇಳಿತು, ಕರ್ನಲ್ ಏನು ಉತ್ತರ ಕೊಟ್ಟಿತು ಅಂತ ಅದು ಸಾಲು ಸಾಲಾಗಿ ಬರೆದಿಡುತ್ತದೆ. ನಮಗೆ 'ಓಪನ್‌ಅಟ್' ಕರೆಗಳು ಮಾತ್ರ ಸಾಕು. ಒಂದು ಮಾತು ಮರೀಬೇಡಿ: ಟರ್ಮಿನಲ್‌ನಿಂದ ಓಡಿಸಿ ನೋಡಿದರೆ ಎಲ್ಲ ಸರಿಯಾಗೇ ಕಾಣುತ್ತದೆ. ಎಲ್ಲಿ ಕೆಡುತ್ತದೋ ಅಲ್ಲೇ ಹಾಕಬೇಕು. ಹಾಗಾಗಿ ಕ್ರಾನ್ ಸಾಲಿನಲ್ಲೇ ಪ್ರೋಗ್ರಾಮ್ ಹೆಸರಿನ ಮುಂದೆ ಸ್ಟ್ರೇಸ್ ಸೇರಿಸಿ, ಐದು ನಿಮಿಷ ಬಿಟ್ಟು ಓಡೋ ಹಾಗೆ ಮಾಡಿದೆ.

ಉತ್ತರ ಸ್ಪಷ್ಟವಾಗಿತ್ತು. ಈ ಸಲ ಫೈಲ್ ಸಿಕ್ಕಿದೆ, ಆದರೆ ಓದಲು ಅನುಮತಿ ಇಲ್ಲ. ಲಿನಕ್ಸ್‌ನಲ್ಲಿ ಎರರ್ ನಂಬರ್ 2 ಅಂದರೆ ಆ ಪಾತ್‌ನಲ್ಲಿ ಫೈಲೇ ಇಲ್ಲ. 13 ಅಂದರೆ ಪರ್ಮಿಷನ್ ಇಲ್ಲ. ಬುಧವಾರ ರಾತ್ರಿ ಕೆಟ್ಟದ್ದು 2ರಿಂದ, ಗುರುವಾರ ಕೆಟ್ಟದ್ದು 13ರಿಂದ. ಟೆಸರ್ಯಾಕ್ಟ್ ಎರಡಕ್ಕೂ ಒಂದೇ ಸಂದೇಶ ಕೊಡುತ್ತದೆ, ವೇರಿಯಬಲ್ ನೋಡಿ ಅಂತ. ನಾನು ಅದನ್ನೇ ನಂಬಿ ವೇರಿಯಬಲ್ ತಿದ್ದುತ್ತಾ ಕೂತಿದ್ದರೆ ಭಾನುವಾರವೂ ಕಳೆದು ಹೋಗ್ತಿತ್ತು.

13 ಎಲ್ಲಿಂದ ಬಂತು? ಲ್ಯಾಬ್ ಅಕೌಂಟಿನಲ್ಲಿ ಯುಮಾಸ್ಕ್ 077 ಇತ್ತು. ಅಲ್ಲಿ ಇಳಿಸಿಕೊಂಡ ಫೈಲ್‌ನ ಪರ್ಮಿಷನ್ 600, ಅಂದರೆ ಮಾಲೀಕ ಬಿಟ್ಟು ಬೇರೆಯವರು ಓದೋ ಹಾಗಿಲ್ಲ. ಸುಡೋದಲ್ಲಿ ಕಾಪಿ ಮಾಡಿದಾಗ 600 ಹಾಗೇ ಉಳಿಯಿತು, ಮಾಲೀಕ ಮಾತ್ರ ರೂಟ್ ಆದ. ಸುಡೋ ಹಾಕಿ ಟೆಸ್ಟ್ ಮಾಡಿದಾಗ ಓದಿದವನೂ ರೂಟೇ, ಹಾಗಾಗಿ ತೊಂದರೆ ಕಾಣಲಿಲ್ಲ. ಕ್ರಾನ್ ಓಡಿದ್ದು ನನ್ನ ಹೆಸರಲ್ಲಿ. (ಫೈಲ್‌ನ ಪರ್ಮಿಷನ್ ಸರಿಯಿದ್ದೂ 13 ಬಂದರೆ ಮೇಲಿನ ಡೈರೆಕ್ಟರಿಗಳನ್ನು ನೋಡಿ. ದಾರಿಯಲ್ಲಿರೋ ಪ್ರತಿಯೊಂದಕ್ಕೂ ಎಕ್ಸ್ ಬಿಟ್ ಬೇಕು. 'ನೇಮ್‌ಐ ಮೈನಸ್ ಎಲ್' ಕೊಟ್ಟರೆ ಇಡೀ ದಾರಿ ಒಂದೇ ಸಲಕ್ಕೆ ಕಾಣುತ್ತದೆ.)

644 ಮಾಡಿದರೆ ಅವತ್ತಿಗೆ ಸಾಕಿತ್ತು. ಆದರೆ ಆ ಕಾಪಿಯನ್ನೇ ಅಳಿಸಿದೆ. ಪ್ರೋಗ್ರಾಮ್ ತಾನು ಎಲ್ಲಿದ್ದೇನೆ ಅಂತ 'ಪ್ರಾಕ್ ಸೆಲ್ಫ್ ಇಎಕ್ಸ್‌ಇ' ಲಿಂಕಿನಿಂದ ತಿಳಿದುಕೊಂಡು, ಡೇಟಾ ಫೋಲ್ಡರಿನ ಪೂರ್ತಿ ಪಾತ್ ಅನ್ನು ಲೈಬ್ರರಿಯ 'ಇನಿಟ್' ಫಂಕ್ಷನ್‌ಗೆ ಕೊಡೋ ಹಾಗೆ ತಿದ್ದಿದೆ. ನಾಲ್ಕೇ ಸಾಲು. ವೇರಿಯಬಲ್ ತಂಟೆಯೇ ಇಲ್ಲ. ಆ ವೇರಿಯಬಲ್ಲೂ ಸುಲಭದ್ದಲ್ಲ ಮಾರಾಯ್ರೆ: 3ನೇ ಆವೃತ್ತಿಯಲ್ಲಿ ಅದು ಟೆಸ್‌ಡೇಟಾ ಫೋಲ್ಡರಿನ ಮೇಲಿನ ಡೈರೆಕ್ಟರಿ ತೋರಿಸಬೇಕಿತ್ತು, 4ರಿಂದ ಆ ಫೋಲ್ಡರನ್ನೇ ತೋರಿಸಬೇಕು. ಹಳೇ ಟ್ಯುಟೋರಿಯಲ್ ನೋಡಿ ಬರೆದರೆ ಮತ್ತೆ ನಂಬರ್ 2.

ಶುಕ್ರವಾರ ರಾತ್ರಿ 84 ಪುಟವೂ ಬಂತು. ಶನಿವಾರ 18 ಪಾಯಿಂಟ್‌ನಲ್ಲಿ ಪ್ರಿಂಟ್ ಹಾಕಿ ಕೊಟ್ಟೆ. ಮಾವ ಕೆಂಪು ಪೆನ್ನು ಹಿಡಿದು ಕೂತರು. ಪದ್ಯಗಳೆಲ್ಲ ಬಾಯಿಪಾಠ, ಹಾಡುತ್ತಲೇ ತಿದ್ದಿದರು. ಒಂದೊಂದು ಪುಟದಲ್ಲೂ ಐದಾರು ಕಡೆ ಒತ್ತಕ್ಷರ ತಪ್ಪಿತ್ತು.