ಮಿಲಿಟರಿ ಲಾರಿಗೆ ದೊಡ್ಡ ಗಾಲಿ

9.00-20. ನಮ್ಮ ಹೆದ್ದಾರಿ ಬದಿಯ ಹಳೇ ಪಂಕ್ಚರ್ ಅಂಗಡಿಯವರಿಗೆ ಈ ಅಳತೆ ಬಾಯಿಪಾಠ. ಎಷ್ಟೋ ಟಾಟಾ ಲಾರಿಗಳು ಇದೇ ಟೈರಿನ ಮೇಲೆ ಊರೂರು ಸುತ್ತಿವೆ. ಅಮೆರಿಕ ಸೇನೆಯ ಎಂ35ಎ2 ಲಾರಿಗೂ ಇದೇ ಟೈರು: ಮುಂದೆ ಎರಡು, ಹಿಂದಿನ ಎರಡು ಆಕ್ಸಲ್ ಹೌಸಿಂಗ್‌ಗೆ ಜೋಡಿ ಜೋಡಿಯಾಗಿ ಎಂಟು. ಸೇನೆ ಕೈಬಿಟ್ಟ ಈ ಹತ್ತು ಚಕ್ರದ ಲಾರಿಯನ್ನು ಹರಾಜಿನಲ್ಲಿ ಹಿಡಿದು, ಅದರ ಗಾಲಿಗಳನ್ನೆಲ್ಲ ಕಳಚಿ, ಎದೆಮಟ್ಟದ ಆರು ಒಂಟಿ ಗಾಲಿ ಕೂರಿಸುವ ಹವ್ಯಾಸಿಗಳು ಅಮೆರಿಕದಲ್ಲಿ ಬೇಕಾದಷ್ಟಿದ್ದಾರೆ.

ಲಾರಿಯ ಮೂಲ ವಿನ್ಯಾಸ ಮಿಷಿಗನ್ ರಾಜ್ಯದ ಲ್ಯಾನ್ಸಿಂಗ್‌ನಲ್ಲಿದ್ದ ರಿಯೋ ಕಂಪನಿಯದು. 1950ರ ಆಸುಪಾಸಿನಲ್ಲಿ ಸೇನೆಗೆ ಸೇರಿದ ಈ ವಂಶ ವಿಯೆಟ್ನಾಂ ಯುದ್ಧದುದ್ದಕ್ಕೂ ಸಾಮಾನು ಹೊತ್ತಿತು. ರಸ್ತೆಯಿಲ್ಲದ ಕಡೆ ಎರಡೂವರೆ ಟನ್ ಹೊರಬೇಕೆಂಬುದು ಲೆಕ್ಕ. ಆದ್ದರಿಂದ 'ಡ್ಯೂಸ್ ಅಂಡ್ ಎ ಹಾಫ್', ಅಂದರೆ ಎರಡೂವರೆ, ಎಂಬ ಅಡ್ಡಹೆಸರು, ಸಲಿಗೆಯಲ್ಲಿ ಬರೀ 'ಡ್ಯೂಸ್'. 7.8 ಲೀಟರಿನ ಎಂಜಿನ್ ಡೀಸೆಲ್ಲನ್ನೂ ಕುಡಿಯುತ್ತದೆ, ಸೀಮೆಎಣ್ಣೆಯನ್ನೂ ಕುಡಿಯುತ್ತದೆ, ಗತಿಯಿಲ್ಲದಿದ್ದರೆ ಪೆಟ್ರೋಲಿಗೂ ಬೇಡವೆನ್ನದು. ಆದರೆ ಗಂಟೆಗೆ 90 ಕಿ.ಮೀ. ಮುಟ್ಟುವಷ್ಟರಲ್ಲಿ ಅದರ ಉಸಿರು ಮುಗಿಯುತ್ತದೆ. ಗಾಲಿ ಒಂದು ಸುತ್ತು ತಿರುಗಬೇಕಾದರೆ ಪ್ರೊಪೆಲ್ಲರ್ ಶಾಫ್ಟ್ 6.72 ಸುತ್ತು ತಿರುಗಬೇಕು. ಕೆಸರಿನಿಂದ ಮೇಲೇಳಲು ಹೇಳಿ ಮಾಡಿಸಿದ ಗೇರಿನ ಹಲ್ಲಿನ ಲೆಕ್ಕ ಅದು. ಹೆದ್ದಾರಿಯಲ್ಲಿ ಕಾರುಗಳ ನಡುವೆ ಓಡಿಸುವವರಿಗೆ ಅದೇ ಶಿಕ್ಷೆ.

ಹಲ್ಲು ಬದಲಿಸುವುದು ದುಬಾರಿ. ಗಾಲಿಯನ್ನೇ ದೊಡ್ಡದು ಮಾಡಿದರೆ ಅಷ್ಟೇ ಸುತ್ತಿಗೆ ಹೆಚ್ಚು ದೂರ ಹೋಗಬಹುದಲ್ಲ! ಮೂಲ ಟೈರಿನ ವ್ಯಾಸ ಸುಮಾರು 103 ಸೆಂ.ಮೀ. ಸೇನೆಯ ಹೊಸ ಲಾರಿಗಳಿಗೆ ಬರುವ 395/85 ಆರ್ 20 ಟೈರಿನದು 118. ಹೆಚ್ಚುಕಡಿಮೆ ನೂರಕ್ಕೆ ಹದಿನೈದರ ಏರಿಕೆ: 90ರ ಜಾಗದಲ್ಲಿ 103 ಕಿ.ಮೀ. ವೇಗ, ಹೌಸಿಂಗ್ ನೆಲದಿಂದ ಏಳೂವರೆ ಸೆಂ.ಮೀ. ಮೇಲಕ್ಕೆ. ಸ್ಪೀಡೋಮೀಟರಿಗೆ ಮಾತ್ರ ಇದ್ಯಾವುದೂ ತಿಳಿಯದು, ಅದು ಹಳೇ ಲೆಕ್ಕವನ್ನೇ ಒಪ್ಪಿಸುತ್ತಿರುತ್ತದೆ. ಇಷ್ಟೆಲ್ಲ ಲೆಕ್ಕ ಹೇಳುವವರೂ ಅರ್ಧದಷ್ಟು ಅಂದಕ್ಕೇ ಮಾಡಿಸುವುದು ಎಂಬುದು ನನ್ನ ಗುಮಾನಿ.

ಹಾಗಾದರೆ ಇನ್ನೂ ದೊಡ್ಡದನ್ನೇ ಹಾಕಿಬಿಡಬಾರದೇಕೆ? ಐದು ಟನ್ನಿನ ಲಾರಿಯ 14.00 ಆರ್ 20 ಟೈರು ಹರಾಜಿನಲ್ಲಿ ಸಿಗುತ್ತದೆ, ವ್ಯಾಸ ಸುಮಾರು 124 ಸೆಂ.ಮೀ. ಇಲ್ಲಿ ಟೇಪು ಹಿಡಿದು ಲಾರಿಯ ಹಿಂಭಾಗದಲ್ಲಿ ಕುಕ್ಕರಗಾಲಲ್ಲಿ ಕೂರಬೇಕು. ಹಿಂದಿನ ಎರಡು ಹೌಸಿಂಗ್‌ಗಳ ನಡುವಿನ ಅಂತರ 48 ಇಂಚು, ಅಂದರೆ 122 ಸೆಂ.ಮೀ. 395 ಹಾಕಿದರೆ ಹಿಂದಿನ ಎರಡು ಗಾಲಿಗಳ ನಡುವೆ ನಾಲ್ಕು ಬೆರಳು ತೂರಿಸುವಷ್ಟೂ ಸಂದು ಉಳಿಯದು. 14.00 ಹಾಕಿದರೆ ಒಂದನ್ನೊಂದು ಮುಟ್ಟಿಯೇ ಮುಟ್ಟುತ್ತವೆ. ಅದೇ ಗಾಲಿ ಬೇಕೆನ್ನುವವರು ಒಂದು ಹೌಸಿಂಗನ್ನೇ ಕಿತ್ತು, ಚಾಸಿ ಕತ್ತರಿಸಿ ಮೋಟು ಮಾಡಿ, ನಾಲ್ಕು ಚಕ್ರದ ಲಾರಿ ಮಾಡಿಕೊಳ್ಳುತ್ತಾರೆ. ಅದರ ಹೆಸರು 'ಬಾಬ್ಡ್ ಡ್ಯೂಸ್'. ಟೈರಿಗಾಗಿ ಲಾರಿಯನ್ನೇ ಕೊಯ್ಯುವುದೆಂದರೆ ನನಗೇನೋ ಅತಿ ಅನಿಸುತ್ತದೆ. ಹತ್ತರ ಬದಲು ನಾಲ್ಕೇ ಟೈರಿಗೆ ದುಡ್ಡು ಹಾಕಿದರಾಯಿತು ಎಂಬ ವಾದವನ್ನು ಮಾತ್ರ ತಳ್ಳಿಹಾಕುವಂತಿಲ್ಲ.

ಆರು ಗಾಲಿಯನ್ನೇ ಇಟ್ಟುಕೊಂಡವರಿಗೆ ಕಂತಿನಲ್ಲಿ ಬದಲಿಸುವ ಸೌಕರ್ಯವಿಲ್ಲ. ಹಿಂದಿನ ಎರಡು ಹೌಸಿಂಗ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲ, ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ಒಂದರಲ್ಲಿ ದೊಡ್ಡ ಗಾಲಿ, ಇನ್ನೊಂದರಲ್ಲಿ ಚಿಕ್ಕದು ಹಾಕಿ ಓಡಿಸಿದರೆ ಶಾಫ್ಟು, ಪಿನಿಯನ್ನು ಒಳಗೊಳಗೇ ಗುದ್ದಾಡಿ ಸಾಯುತ್ತವೆ. ಹಾಕಿದರೆ ಆರನ್ನೂ ಒಟ್ಟಿಗೇ ಹಾಕಬೇಕು.

ಗಾಲಿ ಬಿಚ್ಚುವಲ್ಲೇ ಹೊಸಬರು ಸಿಕ್ಕಿಬೀಳುತ್ತಾರೆ. ಎಡಬದಿಯ ನಟ್ಟುಗಳಿಗೆಲ್ಲ ಉಲ್ಟಾ ಥ್ರೆಡ್ಡು, ಮಾಮೂಲಿನಂತೆ ತಿರುಗಿಸಿದರೆ ಇನ್ನಷ್ಟು ಬಿಗಿಯಾಗುತ್ತವೆ. ಹಿಂದಿನ ಜೋಡಿ ಗಾಲಿಯಲ್ಲಿ ನಟ್ಟಿನೊಳಗೆ ನಟ್ಟು: ಹೊರಗಿನದನ್ನು ತೆಗೆದರೆ ಹೊರಗಾಲಿ ಬರುತ್ತದೆ, ಒಳಗಾಲಿಯನ್ನು ಹಿಡಿದ ಕ್ಯಾಪ್ ನಟ್ಟಿನ ಚೌಕ ತಲೆಗೆ ಬೇರೆಯೇ ಪಾನಾ ಬೇಕು. ಹಳೇ ಡಿಸ್ಕಿನಲ್ಲಿ (ರಿಮ್ಮಿನಲ್ಲಿ) ಟೈರನ್ನು ಹಿಡಿದಿಡುವ ಲಾಕ್ ರಿಂಗ್ ಬಗ್ಗೆ ನಮ್ಮ ಟೈರ್ ಅಂಗಡಿಯವರಿಗೆ ಹೇಳಿಕೊಡಬೇಕಾದ್ದಿಲ್ಲ. ಸರಿಯಾಗಿ ಕೂರದ ರಿಂಗು ಗಾಳಿ ತುಂಬುವಾಗ ಸಿಡಿದರೆ ಎದುರಿಗಿದ್ದವರ ತಲೆಯೇ ಹೋಗುತ್ತದೆ. ಅಂಥ ಟೈರಿಗೆ ಕಬ್ಬಿಣದ ಪಂಜರದೊಳಗೇ ಗಾಳಿ ತುಂಬಬೇಕೆಂದು ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮವಿದೆ. ಇನ್ನು 395ರ ಟೈರು ಮೂಲ ಡಿಸ್ಕಿಗೆ ಹೊಂದದು, ಅಗಲದ ಡಿಸ್ಕ್ ಬೇಕು. ಅದು ಡ್ಯೂಸ್‌ನ ಹಬ್ಬಿನ ಆರು ಬೋಲ್ಟಿಗೆ ಕೂರಬೇಕು. ಹರಾಜಿಗೆ ಬರುವ ಡಿಸ್ಕುಗಳಲ್ಲಿ ಬಹುಪಾಲು ಹತ್ತು ಬೋಲ್ಟಿನವು.

ಎಲ್ಲ ಕೂಡಿಬಂದು ಲಾರಿ ರಸ್ತೆಗಿಳಿದಾಗ ಮೊದಲು ಗೊತ್ತಾಗುವುದು ಚಾಲಕನ ತೋಳಿಗೆ. ಈ ಲಾರಿಗೆ ಕಾರ್ಖಾನೆಯಿಂದ ಪವರ್ ಸ್ಟೇರಿಂಗ್ ಬಂದಿಲ್ಲ, ಅಗಲ ಟೈರಿನಲ್ಲಿ ನಿಂತಲ್ಲೇ ತಿರುಗಿಸುವುದು ಕುಸ್ತಿ. ಕಂಪ್ರೆಸರಿನ ಗಾಳಿಯ ಒತ್ತಡದಲ್ಲಿ ನೆರವಾಗುವ ಸಿಲಿಂಡರ್ ಜೋಡಿಸಿಕೊಳ್ಳುವವರು ಈ ಕಾರಣಕ್ಕೇ ಹೆಚ್ಚು. ಬ್ರೇಕಿನ ವಿಷಯ ಇದಕ್ಕಿಂತ ಗಂಭೀರ. ಗಾಲಿ ದೊಡ್ಡದಾದಷ್ಟೂ ಡ್ರಮ್ಮಿನ ಹಿಡಿತ ನೆಲಕ್ಕೆ ಕಡಿಮೆ ಮುಟ್ಟುತ್ತದೆ. 395ರಲ್ಲಿ ನೂರಕ್ಕೆ ಹನ್ನೆರಡು-ಹದಿಮೂರು ಖೋತಾ. ಅದೂ ಎಂಥ ಬ್ರೇಕು? ಆರೂ ಗಾಲಿಗೆ ಒಂದೇ ಆಯಿಲ್ ಲೈನು, ಎಲ್ಲೋ ಒಂದು ಕಡೆ ಸೋರಿದರೂ ಪೆಡಲ್ ನೆಲಕ್ಕೆ. ವೇಗ ಹೆಚ್ಚಿಸಿಕೊಂಡವರು ಮೊದಲು ಈ ಲೈನನ್ನು ಎರಡಾಗಿ ಒಡೆಸಬೇಕು. ಚಂದದ ಟೈರಿನ ಫೋಟೊ ತೋರಿಸುವವರು ಈ ಮಾತನ್ನು ಅಷ್ಟಾಗಿ ಆಡುವುದಿಲ್ಲ.

ಸೇನೆಯ ಟೈರು ಅಗ್ಗವೆಂದು ಮುಗಿಬೀಳುವ ಮುಂಚೆ ಅದರ ಪಕ್ಕೆಯ ಕೊನೇ ನಾಲ್ಕಂಕಿ ಓದಬೇಕು. 2308 ಎಂದಿದ್ದರೆ 2008ರ 23ನೇ ವಾರದ ಮಾಲು. ನೆಲ ಕಚ್ಚುವ ಗುಬುಟು ಹೊಸದರಂತಿದ್ದರೂ ಪಕ್ಕೆಯ ರಬ್ಬರಿನಲ್ಲಿ ಕೂದಲೆಳೆಯ ಬಿರುಕು ಎದ್ದಿರುತ್ತದೆ.

ನನ್ನನ್ನು ಕೇಳಿದರೆ 11.00 ಆರ್ 20 ಸಾಕು. ವ್ಯಾಸ 109 ಸೆಂ.ಮೀ. ಅಷ್ಟೇ, ವೇಗ ಏರುವುದು ಐದಾರು ಕಿ.ಮೀ. ಮಾತ್ರ. ಆದರೆ ಹಳೇ ಡಿಸ್ಕಿನ ಮೇಲೇ ಕೂರುತ್ತದೆ, ಮಡ್‌ಗಾರ್ಡ್ ಕತ್ತರಿಸಬೇಕಿಲ್ಲ, ಹಿಂದಿನ ಗಾಲಿಗಳ ನಡುವೆ ಕೈ ಹೋಗುವಷ್ಟು ಜಾಗವೂ ಉಳಿಯುತ್ತದೆ.