ಮುಖ ಮರೆಯಾದರೆ ಗುರುತು ಮರೆಯಾದೀತೆ?

ಬಳ್ಳಾರಿ ಜಿಲ್ಲೆ ಸಂಡೂರು ತಾಲ್ಲೂಕಿನ ವಡ್ಡು, ತೋರಣಗಲ್ಲಿಗೆ ಸಮೀಪದ ಊರು. ಇಂತಹ ಊರುಗಳಲ್ಲಿ ಒಬ್ಬರ ಗುರುತು ಹಿಡಿಯಲು ಮುಖವನ್ನೇ ನೋಡಬೇಕೆಂದಿಲ್ಲ. ಬಸ್ಸಿನಿಂದಿಳಿದು ಬೆನ್ನು ತಿರುಗಿಸಿ ನಡೆದುಹೋಗುವ ಹೆಣ್ಣುಮಗಳು ಯಾರ ಮನೆಯ ಮಗಳು, ಯಾರ ಮನೆಯ ಸೊಸೆ ಎಂಬುದನ್ನು ಅವಳ ನಡಿಗೆ ನೋಡಿಯೇ ಹೇಳಬಲ್ಲ ಹಿರಿಯರು ಅಲ್ಲಿರುತ್ತಾರೆ. ಮುಂಗೈಯ ಹಚ್ಚೆ, ಕತ್ತಿನ ಮಚ್ಚೆ, ಜಡೆಯ ಉದ್ದ ಇವೆಲ್ಲವೂ ಹೆಸರನ್ನು ಹೇಳುತ್ತವೆ.

ಕಲಾತ್ಮಕ ನಗ್ನ ಛಾಯಾಗ್ರಹಣದ ಒಂದು ಹಳೆಯ ಪದ್ಧತಿಯನ್ನು ಈ ಹಿನ್ನೆಲೆಯಲ್ಲಿ ನೋಡುವುದು ಉಪಯುಕ್ತ. ರೂಪದರ್ಶಿಯ ದೇಹವನ್ನು ತೋರಿಸಿ ಮುಖವನ್ನು ಮರೆಮಾಡುವುದೇ ಆ ಪದ್ಧತಿ. ಇದರ ಉದ್ದೇಶ ಕಲೆಯೋ, ರಕ್ಷಣೆಯೋ? ರಕ್ಷಣೆಯೇ ಆಗಿದ್ದಲ್ಲಿ ಅದು ನಿಜಕ್ಕೂ ದೊರೆಯುತ್ತದೆಯೇ? ಮೊಬೈಲ್ ಫೋನಿನಲ್ಲಿ ತೆಗೆದ ಚಿತ್ರ ಕ್ಷಣಾರ್ಧದಲ್ಲಿ ಊರೂರು ಸುತ್ತುವ ಈ ಕಾಲದಲ್ಲಿ ಇದು ಕಲಾವಿದರಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯಾಗಿ ಉಳಿದಿಲ್ಲ.

ಕನ್ನಡ ನಾಡಿನ ಮೂರು ರೂಪಗಳು

ನಗ್ನತೆ ಮತ್ತು ಮುಖ ಇವೆರಡರ ಸಂಬಂಧ ಕನ್ನಡಿಗರಿಗೆ ಹೊಸ ವಿಷಯವಲ್ಲ. ಕ್ರಿ.ಶ. 10ನೆಯ ಶತಮಾನದ ಕೊನೆಯಲ್ಲಿ ಚಾವುಂಡರಾಯನು ಶ್ರವಣಬೆಳಗೊಳದಲ್ಲಿ ಮಾಡಿಸಿದ ಸುಮಾರು 58 ಅಡಿ ಎತ್ತರದ ಗೊಮ್ಮಟನಲ್ಲಿ ದೇಹವೂ ತೆರೆದಿದೆ, ಮುಖವೂ ತೆರೆದಿದೆ. ಆ ಮೊಗದ ಶಾಂತಿಯೇ ನೋಡುಗನ ಕಣ್ಣನ್ನು ಮೇಲಕ್ಕೆ ಸೆಳೆಯುತ್ತದೆ. ಎರಡನೆಯದು ಅಕ್ಕಮಹಾದೇವಿಯ ಚಿತ್ರ. ಕ್ಯಾಲೆಂಡರುಗಳಿಂದ ಹಿಡಿದು ಪ್ರತಿಮೆಗಳವರೆಗೆ ನೀಳವಾದ ಕೇಶರಾಶಿ ಆಕೆಯ ದೇಹವನ್ನು ಮುಚ್ಚುತ್ತದೆ. ಮುಖ ಮಾತ್ರ ತೆರೆದೇ ಇರುತ್ತದೆ.

ಮೂರನೆಯದು ಇವೆರಡಕ್ಕೂ ತದ್ವಿರುದ್ಧ. ಬಾದಾಮಿಯ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿ ನಾಗನಾಥಕೊಳ್ಳದಿಂದ ತಂದ, ಚಾಲುಕ್ಯರ ಕಾಲದ ಲಜ್ಜಾಗೌರಿಯ ಶಿಲ್ಪವಿದೆ. ಪ್ರಸವದ ಭಂಗಿಯನ್ನು ಹೋಲುವಂತೆ ಕಾಲುಗಳನ್ನು ಅಗಲಿಸಿದ ಈ ದೇವಿಗೆ ಶಿರಸ್ಸಿನ ಸ್ಥಾನದಲ್ಲಿ ಅರಳಿದ ಕಮಲವಿದೆ. ಐಹೊಳೆಗೆ ಸಮೀಪದ ಸಿದ್ಧನಕೊಳ್ಳದಲ್ಲಿಯೂ ಲಜ್ಜಾಗೌರಿಯ ಶಿಲ್ಪವಿದ್ದು, ಸಂತಾನ ಬಯಸುವ ಸ್ತ್ರೀಯರು ಅದನ್ನು ಪೂಜಿಸುತ್ತಾರೆ. ಮುಖವಿಲ್ಲದಿರುವುದರಿಂದಲೇ ಆ ದೇಹ ಒಬ್ಬ ಹೆಣ್ಣಿನದ್ದಾಗಿ ಉಳಿಯದೆ ಭೂಮಿಯ ಫಲವಂತಿಕೆಯ ಸಂಕೇತವಾಗುತ್ತದೆ. ಕಲಾತ್ಮಕ ನಗ್ನ ಛಾಯಾಚಿತ್ರದ ತರ್ಕವೂ ಬಹುಮಟ್ಟಿಗೆ ಇದೇ ಆಗಿದೆ. ಆದರೆ ಒಂದು ಮುಖ್ಯ ವ್ಯತ್ಯಾಸವುಂಟು. ಲಜ್ಜಾಗೌರಿಯನ್ನು ಶಿಲ್ಪಿ ಕಲ್ಪಿಸಿ ಕಡೆದನು. ಕ್ಯಾಮೆರಾದ ಮುಂದೆ ನಿಂತವಳಾದರೋ ಮನೆ, ಊರು, ಬಂಧುಬಳಗ ಇರುವ ಜೀವಂತ ವ್ಯಕ್ತಿ.

ಆಕಾರಕ್ಕಾಗಿ ಮರೆ

ಚಿತ್ರದಲ್ಲಿ ಮುಖವಿದ್ದರೆ ನೋಡುಗನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಈಕೆ ಯಾರು, ಏನನ್ನು ಯೋಚಿಸುತ್ತಿದ್ದಾಳೆ ಎಂಬ ಕುತೂಹಲ ಮೂಡುತ್ತದೆ; ಚಿತ್ರವು ಒಬ್ಬ ವ್ಯಕ್ತಿಯ ಭಾವಚಿತ್ರವಾಗಿಬಿಡುತ್ತದೆ. ಮುಖವನ್ನು ತೆಗೆದರೆ ಬೆನ್ನಿನ ಬಾಗು, ಭುಜದ ರೇಖೆ, ನೆರಳು ಬೆಳಕಿನ ಆಟ ಮುಂದಕ್ಕೆ ಬರುತ್ತವೆ. ಅಮೆರಿಕದ ಎಡ್ವರ್ಡ್ ವೆಸ್ಟನ್ 1936ರಲ್ಲಿ ತೆಗೆದ ಪ್ರಸಿದ್ಧ ಚಿತ್ರದಲ್ಲಿ ಕ್ಯಾರಿಸ್ ವಿಲ್ಸನ್ ಮಂಡಿಗಳನ್ನು ತಬ್ಬಿ ತಲೆ ಬಾಗಿಸಿ ಕುಳಿತಿದ್ದಾರೆ. ಅಲ್ಲಿ ಕಾಣುವುದು ನಡುಬೈತಲೆ, ತೋಳು ಮತ್ತು ಕಾಲುಗಳು ಮಾತ್ರ. ಬ್ರಿಟನ್ನಿನ ಬಿಲ್ ಬ್ರಾಂಟ್ ಕಡಲ ತೀರದ ಉರುಟುಗಲ್ಲುಗಳ ನಡುವೆ ಕಿವಿ, ಮೊಣಕೈ, ಬೆರಳುಗಳನ್ನು ಬಂಡೆಗಳೋ ಎಂಬಂತೆ ಸೆರೆಹಿಡಿದರು. ಅವರ ನಗ್ನ ಚಿತ್ರಗಳ ಸಂಪುಟ ಪ್ರಕಟವಾದುದು 1961ರಲ್ಲಿ. ಹಂಪಿಯ ಹೆಬ್ಬಂಡೆಗಳ ಮೇಲೆ ಸಂಜೆಯ ಓರೆಬಿಸಿಲು ಬೀಳುವುದನ್ನು ಕಂಡವರಿಗೆ ಈ ಹೋಲಿಕೆ ಸುಲಭವಾಗಿ ಅರ್ಥವಾದೀತು.

ಮಾನಕ್ಕಾಗಿ ಮರೆ

ಎರಡನೆಯ ಕಾರಣ ಸಾಮಾಜಿಕವಾದುದು. 19ನೆಯ ಶತಮಾನದಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಲಲಿತಕಲಾ ಅಕಾಡೆಮಿಯಲ್ಲಿ ವಿದ್ಯಾರ್ಥಿಗಳೆದುರು ನಗ್ನರಾಗಿ ಕುಳಿತುಕೊಳ್ಳುತ್ತಿದ್ದ ಸ್ತ್ರೀಯರು ಮುಖವಾಡ ಧರಿಸುತ್ತಿದ್ದುದುಂಟು. ಚಿತ್ರಕಾರ ಥಾಮಸ್ ಈಕಿನ್ಸ್ ಬರೆದ ಮುಖವಾಡಧಾರಿ ನಗ್ನ ಸ್ತ್ರೀಯ ರೇಖಾಚಿತ್ರ ಇದಕ್ಕೆ ಸಾಕ್ಷಿಯಾಗಿದೆ. ನಮ್ಮ ನೆರೆಯ ಮಹಾರಾಷ್ಟ್ರದ ರವಿ ಜಾಧವ್ ನಿರ್ದೇಶನದ ಮರಾಠಿ ಚಿತ್ರ ‘ನ್ಯೂಡ್’ ಇದೇ ಸಂಕಟವನ್ನು ಹೇಳುತ್ತದೆ. ಮುಂಬಯಿಯ ಕಲಾಶಾಲೆಯಲ್ಲಿ ರೂಪದರ್ಶಿಯಾಗುವ ಬಡ ತಾಯಿಯೊಬ್ಬಳು ತನ್ನ ಕೆಲಸವನ್ನು ಮಗನಿಂದ ಮುಚ್ಚಿಡುತ್ತಾಳೆ. 2017ರ ಗೋವಾ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದ ಪಟ್ಟಿಯಿಂದ ಈ ಚಿತ್ರವನ್ನು ಕೈಬಿಡಲಾಗಿತ್ತು. 2018ರಲ್ಲಿ ಅದು ಬಿಡುಗಡೆ ಕಂಡಿತು. ರೂಪದರ್ಶಿಗೆ ಕ್ಯಾಮೆರಾ ಅಥವಾ ಕುಂಚಕ್ಕಿಂತ ಮನೆಯವರ ಕಣ್ಣೇ ಹೆಚ್ಚು ಭಯ ಹುಟ್ಟಿಸುತ್ತದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ನಿರ್ಧಾರ ಯಾರದು?

ಮುಖವಿಲ್ಲದ ಚಿತ್ರದ ವಿರುದ್ಧ ಬಲವಾದ ಆಕ್ಷೇಪವೂ ಇದೆ. ಮುಖವನ್ನು ಕತ್ತರಿಸಿದಾಗ ಹೆಣ್ಣು ವ್ಯಕ್ತಿಯಾಗಿ ಉಳಿಯದೆ ಕೇವಲ ವಸ್ತುವಾಗುತ್ತಾಳೆ. ಆಕೆ ತಿರುಗಿ ನೋಡುವ ಹಕ್ಕನ್ನೇ ಕಳೆದುಕೊಳ್ಳುತ್ತಾಳೆ ಎಂಬುದು ಸ್ತ್ರೀವಾದಿ ವಿಮರ್ಶೆಯ ವಾದ. ಈ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಮುಖ ಕಾಣುವುದೋ ಇಲ್ಲವೋ ಎಂಬುದಕ್ಕಿಂತ, ಅದನ್ನು ನಿರ್ಧರಿಸಿದವರು ಯಾರು ಎಂಬುದೇ ಮುಖ್ಯವೆಂದು ಎರಡು ಉದಾಹರಣೆಗಳು ತೋರಿಸುತ್ತವೆ.

ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ವೇಶ್ಯಾವಾಟಿಕೆಯಲ್ಲಿ 1912ರ ಸುಮಾರಿಗೆ ಇ. ಜೆ. ಬೆಲಾಕ್ ತೆಗೆದ ಗಾಜಿನ ಫಲಕಗಳು ದೊರೆತಾಗ, ಕೆಲವು ನಗ್ನ ಚಿತ್ರಗಳಲ್ಲಿ ಸ್ತ್ರೀಯರ ಮುಖಗಳನ್ನು ಕೆರೆದು ಅಳಿಸಿಹಾಕಲಾಗಿತ್ತು. ಯಾರು ಕೆರೆದರು, ಏಕೆ ಕೆರೆದರು ಎಂಬುದು ಇಂದಿಗೂ ವಿವಾದದ ವಿಷಯ. ಆ ಸ್ತ್ರೀಯರನ್ನು ಕೇಳಿದರೇ ಎಂಬುದಕ್ಕೆ ದಾಖಲೆಯಿಲ್ಲ. 1970ರಲ್ಲಿ ಆ ಚಿತ್ರಗಳು ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯದ ಗೋಡೆಯೇರಿದವು. ಛಾಯಾಗ್ರಾಹಕನ ಹೆಸರು ಪ್ರಸಿದ್ಧವಾಯಿತು. ರೂಪದರ್ಶಿಯರು ಅನಾಮಿಕರಾಗಿಯೇ ಉಳಿದರು. ಇದಕ್ಕೆ ಪ್ರತಿಯಾಗಿ, ತಲೆ ಬಾಗಿಸಿ ಮುಖ ಮರೆಸಿದ ಕ್ಯಾರಿಸ್ ವಿಲ್ಸನ್ ತಮ್ಮ ಹೆಸರನ್ನು ಮರೆಸಲಿಲ್ಲ. ವೆಸ್ಟನ್ ಜೊತೆಗಿನ ಬದುಕು ಮತ್ತು ಕೆಲಸವನ್ನು ಕುರಿತು 1998ರಲ್ಲಿ ತಾವೇ ನೆನಪುಗಳ ಪುಸ್ತಕ ಹೊರತಂದರು. ಮುಖ ಇಬ್ಬರದೂ ಮರೆಯಾಯಿತು. ಮಾತು ಒಬ್ಬರದು ಮಾತ್ರ ಉಳಿಯಿತು.

ಮರೆಮಾಡುವ ಬಗೆ

ಮುಖವನ್ನು ಮರೆಮಾಡಲು ಹಲವು ವಿಧಾನಗಳಿವೆ. ರೂಪದರ್ಶಿ ಬೆನ್ನು ತಿರುಗಿಸಿ ನಿಲ್ಲುವುದು, ತಲೆ ಬಾಗಿಸುವುದು, ಕೂದಲನ್ನು ಮುಂದಕ್ಕೆ ಚೆಲ್ಲುವುದು, ತೋಳು ಅಥವಾ ತೆಳುವಸ್ತ್ರದ ಮರೆ ಮಾಡುವುದು ಮೊದಲ ಬಗೆ. ಬೆಳಕನ್ನು ಹಿಂದಿನಿಂದ ಬಿಟ್ಟು ದೇಹದ ಅಂಚಿನ ರೇಖೆಯನ್ನಷ್ಟೇ ಉಳಿಸುವುದು, ಮುಖದ ಭಾಗವನ್ನು ಕಡುನೆರಳಿನಲ್ಲಿಡುವುದು ಎರಡನೆಯದು. ಕ್ಯಾಮೆರಾದ ಚೌಕಟ್ಟನ್ನೇ ಕತ್ತಿನಿಂದ ಕೆಳಗೆ ನಿಲ್ಲಿಸುವುದು ಮೂರನೆಯದು. ಚಿತ್ರ ತೆಗೆದ ನಂತರ ಕಂಪ್ಯೂಟರಿನಲ್ಲಿ ಕತ್ತರಿಸುವುದು ಅಥವಾ ಮಸುಕುಗೊಳಿಸುವುದು ನಾಲ್ಕನೆಯದು.

ಮೊದಲ ಮೂರರಲ್ಲಿ ಮುಖವು ಕ್ಯಾಮೆರಾದೊಳಗೆ ಸೇರುವುದೇ ಇಲ್ಲ, ಇಲ್ಲವೇ ಗುರುತು ಹಿಡಿಯುವಷ್ಟು ಸೇರುವುದಿಲ್ಲ. ಕಡುನೆರಳನ್ನು ಮಾತ್ರ ಕಂಪ್ಯೂಟರಿನಲ್ಲಿ ಸ್ವಲ್ಪಮಟ್ಟಿಗೆ ತಿಳಿಗೊಳಿಸಬಹುದು. ನಾಲ್ಕನೆಯದರಲ್ಲಾದರೋ ಪೂರ್ಣ ಚಿತ್ರವು ಛಾಯಾಗ್ರಾಹಕನ ಬಳಿ ಉಳಿದೇ ಇರುತ್ತದೆ. ಕತ್ತರಿಸಿದ ಚಿತ್ರದ ಕಡತದೊಳಗೆ ಕತ್ತರಿಸುವ ಮುನ್ನಿನ ಪುಟ್ಟ ಪ್ರತಿಯೊಂದು ಅಡಗಿ ಕುಳಿತ ಪ್ರಸಂಗಗಳೂ ಇವೆ. ಮಸುಕುಗೊಳಿಸುವುದೂ ಭದ್ರವಲ್ಲ. 2007ರಲ್ಲಿ ಮಕ್ಕಳ ಮೇಲೆ ದೌರ್ಜನ್ಯವೆಸಗಿದ ಅಪರಾಧಿಯೊಬ್ಬ ಸುಳಿಯಂತೆ ತಿರುಚಿದ್ದ ತನ್ನ ಮುಖವನ್ನು ಜರ್ಮನಿಯ ಪೊಲೀಸ್ ತಜ್ಞರು ಮರಳಿ ಸರಿಪಡಿಸಿದರು. ಇಂಟರ್‌ಪೋಲ್ ಆ ಚಿತ್ರವನ್ನು ಪ್ರಕಟಿಸಿ ಅವನನ್ನು ಪತ್ತೆಹಚ್ಚಿತು. ಅಪರಾಧಿಯನ್ನು ಹಿಡಿದ ತಂತ್ರವೇ ನಿರಪರಾಧಿಯ ಮರೆಯನ್ನೂ ಕಳಚಬಲ್ಲದು.

ಇನ್ನು ಹಚ್ಚೆ, ಮಚ್ಚೆ, ಗಾಯದ ಕಲೆ, ಉಂಗುರ, ಕಾಲ್ಗೆಜ್ಜೆ ಇವೂ ಗುರುತುಗಳೇ. ಕೋಣೆಯ ಕಿಟಕಿ, ಹಾಸಿಗೆಯ ಹೊದಿಕೆ, ಹಿನ್ನೆಲೆಯ ಪರಿಚಿತ ಬಂಡೆ ಸಹ ಊರನ್ನು ಸೂಚಿಸಬಲ್ಲವು. ಮೊಬೈಲಿನಲ್ಲಿ ತೆಗೆದ ಚಿತ್ರದ ಕಡತದಲ್ಲಿ ದಿನ, ವೇಳೆಯ ಜೊತೆಗೆ ಸ್ಥಳದ ಅಕ್ಷಾಂಶ ರೇಖಾಂಶಗಳೂ ದಾಖಲಾಗಿರಬಹುದು. ದೊಡ್ಡ ನಗರದ ಅಪರಿಚಿತರ ನಡುವೆ ಇವು ಗಮನಕ್ಕೆ ಬಾರದೆ ಹೋಗಬಹುದು. ವಡ್ಡುವಿನಂತಹ ಊರಿನವಳಿಗೆ ಆ ಅನುಕೂಲವಿಲ್ಲ.

ಕಾನೂನು ಏನನ್ನುತ್ತದೆ?

ನಗ್ನತೆಯೆಲ್ಲವೂ ಅಶ್ಲೀಲವಲ್ಲವೆಂಬುದನ್ನು ನ್ಯಾಯಾಲಯಗಳು ಒಪ್ಪಿವೆ. ಟೆನಿಸ್ ಆಟಗಾರ ಬೋರಿಸ್ ಬೆಕರ್ ಮತ್ತು ಅವರ ಭಾವಿಪತ್ನಿಯ ನಗ್ನ ಚಿತ್ರ ಮರುಮುದ್ರಣಗೊಂಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲಿ, ಚಿತ್ರವನ್ನು ಅದರ ಸಂದರ್ಭ ಮತ್ತು ಸಮಕಾಲೀನ ಸಮಾಜದ ಮಾನದಂಡದಿಂದ ಅಳೆಯಬೇಕೆಂದಿತು. ಹಾಗೆಂದು ನಿರ್ಬಂಧವಿಲ್ಲವೆಂದಲ್ಲ. ಭಾರತೀಯ ನ್ಯಾಯ ಸಂಹಿತೆಯ 294ನೆಯ ಕಲಂ ಅಶ್ಲೀಲ ಸಾಮಗ್ರಿಯ ಮಾರಾಟ, ಪ್ರದರ್ಶನಗಳನ್ನು ಶಿಕ್ಷಿಸುತ್ತದೆ. ಕಲೆಯ ಹಿತಕ್ಕಾಗಿ ಪ್ರಕಟಿಸಿದವುಗಳಿಗೂ ದೇವಾಲಯ, ಪ್ರಾಚೀನ ಸ್ಮಾರಕಗಳ ಶಿಲ್ಪಗಳಿಗೂ ವಿನಾಯಿತಿಯಿದೆ. ಅಂತರ್ಜಾಲದಲ್ಲಿ ಪ್ರಕಟಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೆಯ ಕಲಂ ಅನ್ವಯವಾಗಬಹುದು. ರೂಪದರ್ಶಿ 18 ವರ್ಷದೊಳಗಿನವಳಾಗಿದ್ದರೆ ಸಮ್ಮತಿಯ ಮಾತೇ ಹುಟ್ಟುವುದಿಲ್ಲ.

ರೂಪದರ್ಶಿಗೆ ಹೆಚ್ಚು ಮುಖ್ಯವಾದುದು ನ್ಯಾಯ ಸಂಹಿತೆಯ 77ನೆಯ ಕಲಂ. ಸ್ತ್ರೀಯೊಬ್ಬಳು ಖಾಸಗಿಯಾಗಿ ಚಿತ್ರ ತೆಗೆಯಲು ಒಪ್ಪಿದ್ದರೂ, ಅದನ್ನು ಇತರರಿಗೆ ಹಂಚಲು ಒಪ್ಪಿರದಿದ್ದರೆ, ಹಂಚುವುದು ಅಪರಾಧವೆಂದು ಅದರ ವಿವರಣೆ ಸ್ಪಷ್ಟಪಡಿಸುತ್ತದೆ. ಅಂದರೆ ತೆಗೆಯುವ ಸಮ್ಮತಿ ಬೇರೆ, ತೋರಿಸುವ ಸಮ್ಮತಿ ಬೇರೆ. ಸಮ್ಮತಿಯಿಲ್ಲದೆ ಖಾಸಗಿ ಅಂಗಗಳ ಚಿತ್ರ ತೆಗೆದು ಪ್ರಕಟಿಸುವುದನ್ನು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಂ ಪ್ರತ್ಯೇಕವಾಗಿ ಶಿಕ್ಷಿಸುತ್ತದೆ. ಖಾಸಗಿತನವು ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯಿಂದ ಬಂದುದೆಂಬುದು ಸ್ಮರಣೀಯ. ಚಿತ್ರ ದುರ್ಬಳಕೆಯಾದಲ್ಲಿ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ದೂರು ಕೊಡಬಹುದು. ಚಿತ್ರದಲ್ಲಿ ಮುಖವಿಲ್ಲ ಎಂಬ ಮಾತ್ರಕ್ಕೆ ದೂರಿನ ಹಕ್ಕು ಕಳೆದುಹೋಗುವುದಿಲ್ಲ.

ಕಾಗದದ ಮೇಲಿನ ಮಾತು

ಆದ್ದರಿಂದ ಚಿತ್ರೀಕರಣಕ್ಕೆ ಮೊದಲೇ ರೂಪದರ್ಶಿಗೆ ಅರ್ಥವಾಗುವ ಭಾಷೆಯಲ್ಲಿ ಒಪ್ಪಂದ ಬರೆಯುವುದು ಕ್ಷೇಮ. ಮುಖ ಕಾಣಿಸಬೇಕೆ, ಹೆಸರು ಹಾಕಬೇಕೆ, ಚಿತ್ರವನ್ನು ಪ್ರದರ್ಶನ, ಪುಸ್ತಕ, ಅಂತರ್ಜಾಲ ಇವುಗಳಲ್ಲಿ ಎಲ್ಲೆಲ್ಲಿ ಬಳಸಬಹುದು, ಮೂಲ ಕಡತಗಳು ಯಾರ ಬಳಿ ಇರಬೇಕು, ಬೇಡವಾದವನ್ನು ಯಾವಾಗ ಅಳಿಸಬೇಕು ಎಂಬುದೆಲ್ಲ ಅದರಲ್ಲಿರಬೇಕು. ತೆಗೆದ ಚಿತ್ರಗಳನ್ನು ಅಲ್ಲಿಯೇ ರೂಪದರ್ಶಿಗೆ ತೋರಿಸಿ, ಆಕೆ ಬೇಡವೆಂದುದನ್ನು ಕೈಬಿಡಬೇಕು. ಒಪ್ಪಂದದ ಒಂದು ಪ್ರತಿ ಆಕೆಯ ಕೈಯಲ್ಲಿಯೇ ಇರಬೇಕು.

ಮುಖವನ್ನು ಮರೆಮಾಡುವುದು ಕಲೆಯ ದೃಷ್ಟಿಯಿಂದ ಸೊಗಸಾದ ವಿಧಾನವಾಗಿರಬಹುದು. ಆದರೆ ಅದನ್ನು ರೂಪದರ್ಶಿಗೆ ಕೊಟ್ಟ ರಕ್ಷಣೆಯೆಂದು ಭಾವಿಸಿದರೆ ಅದು ಅರ್ಧ ಸತ್ಯ ಮಾತ್ರ. ಕಮಲಮುಖಿಯಾದ ಲಜ್ಜಾಗೌರಿಯನ್ನು ಊರಿನ ಯಾರೂ ಬೀದಿಯಲ್ಲಿ ಗುರುತು ಹಿಡಿಯಲಾರರು. ಚಿತ್ರದ ಹೆಣ್ಣುಮಗಳು ಮಾತ್ರ ಮರುದಿನ ಅದೇ ಬಸ್ಸಿನಿಂದ ಇಳಿದು, ಅದೇ ಬೀದಿಯಲ್ಲಿ ಮನೆಗೆ ನಡೆದುಹೋಗಬೇಕು.